ಬಾಟ್ಲಿಯೊಳಗಿನ ಘಟ್ಟ

ಸಂಶಿ ಊರಾಗ ಶಂಭುಲಿಂಗಪ್ಪ ಮಾಸ್ತರರ ಸಿಟ್ಟು ಗೊತ್ತಿಲ್ಲದಾವ್ರು ಯಾರೂ ಇರಲಿಲ್ಲ. ಸಿಟ್ಟು ಮೂಗಿನ ತುದಿಮ್ಯಾಲ ಇರತೈತಿ ಅಂತಾರಲ್ಲ, ಇವರದು ಅಲ್ಲೂ ನಿಲ್ಲದ ಚಸ್ಮಾ ಏರಿ ಕುಂತಿತ್ತು. ಹಂಗಂತ ಕೆಟ್ಟ ಮನಶಾ ಅಲ್ಲ. ಜೂನಿಯರ್ ಕಾಲೇಜಿನ್ಯಾಗ ಸಸ್ಯಶಾಸ್ತ್ರ ಹೇಳತಿದ್ರು, ಹುಡುಗರಿಗೆ ಬಾಯಿತುಂಬ ಬೈತಿದ್ರು, ಬೈದ ಮ್ಯಾಲ ತಾವ ಕರಕೊಂಡು ಹೋಗಿ ಚಾ ಕುಡಿಸತಿದ್ರು. ಹೆಂಡತಿ ಕಸ್ತೂರೆವ್ವ ಅಣ್ಣಿಗೇರ್ಯಾಗ ಅತ್ತಿ-ಮಾವನ ಕೂಡ ಇದ್ಲು. ಇವರು ಇಲ್ಲಿ ದೇವಕ್ಕನ ಮನ್ಯಾಗ ಎರಡು ಖೋಲಿ ಬಾಡಿಗಿ ಹಿಡದು, ಶನಿವಾರಕ್ಕೊಮ್ಮೆ ಬಸ್ ಹತ್ತಿ ಮನಿ ಮುಟ್ಟತಿದ್ರು.

ಆ ಎರಡು ಖೋಲ್ಯಾಗ ಒಂದ್ರಾಗ ಮಾಸ್ತರರು ಮಲಗತಿದ್ರು. ಇನ್ನೊಂದ್ರಾಗ ಹುಲ್ಲು ಮಲಗತಿತ್ತು.

ಹುಲ್ಲಂದ್ರ ಬರೇ ಹುಲ್ಲಲ್ಲ, ಕಾಡುಭತ್ತ. ಕಲಘಟಗಿ ಕಡೆ ಕೆರಿ ಕೆಳಗಿನ ಹೊಲದಾಗ ಬ್ಯಾಸಗಿ ಭತ್ತಕ್ಕಂತ ಥಂಡಿ ದಿವಸದಾಗ ಸಸಿಮಡಿ ಹಾಕತಾರ. ಥಂಡಿ ಜೋರಾದ ವರ್ಷ ಆ ಸಸಿ ಅರಿಷಿಣ ಬಳದಂಗ ಹಳದಿ ಆಗಿ ಸತ್ತ ಹೋಗತಾವ. ಅಂಥಾ ಒಂದು ವರ್ಷ ಮಾಸ್ತರರು ಯಾವುದೋ ಮದುವಿಗೆ ಆ ಕಡೆ ಹೋದಾಗ ಕೆರಿ ದಂಡಿಮ್ಯಾಲ ನಿಂತು ನೋಡಿದ್ರು: ಮಡ್ಯಾಗಿನ ಸಸಿ ಎಲ್ಲಾ ಹಳದಿ, ನೀರಿನ ಅಂಚಿಗೆ ತಾನ ಹುಟ್ಟಿ ತಾನ ಬೆಳದ ಕಾಡುಭತ್ತ ಮಾತ್ರ ಹಸರ. ರೈತರು ಅದನ್ನ ಕಳೆ ಅಂತ ಕಿತ್ತು ಬದುವಿಗೆ ಒಗೀತಿದ್ರು. ಮದುವಿ ಊಟಾ ಬಿಟ್ಟು ಮಾಸ್ತರರು ಅದರ ಕಾಳು ಆರಿಸಿ ಕರವಸ್ತ್ರದಾಗ ಕಟ್ಟಿಕೊಂಡು ಬಂದ್ರು. ಈ ಥಂಡಿ ತಡಕೊಳ್ಳೂ ಗುಣ ಅದರ ಮೈಯಾಗ ಎಲ್ಲೈತಿ, ಬೇರಿನ್ಯಾಗ ಐತೋ, ಎಲ್ಯಾಗ ಐತೋ, ಇಲ್ಲಾ ಒಂದೊಂದು ಕಣಕಣದಾಗೂ ಐತೋ, ಅದನ್ನ ತಿಳಕೊಳ್ಳೂದ ಅವರ ಪಿಎಚ್.ಡಿ. ಆತು.

ಆದ್ರ ಆ ಪಿಎಚ್.ಡಿ. ಅನ್ನೂದು ಮುಗಿಯೂ ಮಾತ ಇರಲಿಲ್ಲ. ವರ್ಷದ ಮ್ಯಾಲ ವರ್ಷ ಹೋದ್ವು. ಧಾರವಾಡದಾಗಿನ ಗೈಡ್ ಸಾಹೇಬರು ಕಡೀಕ ಖಡಾಖಂಡಿತ ಹೇಳಿಬಿಟ್ಟಿದ್ರು: ಬರೂ ಸಂಕ್ರಮಣದೊಳಗ ಥಂಡಿ ತಡದು ಉಳದ ಜೀವಂತ ಸಸಿ ತಂದು ನನ್ನ ಟೇಬಲ್ ಮ್ಯಾಲ ಇಡ್ರಿ, ಇಲ್ಲಂದ್ರ ನಿಮ್ಮ ನೋಂದಣಿ ರದ್ದು, ಇನ್ನ ಮುದತ್ತು ಕೇಳಬ್ಯಾಡ್ರಿ. ಮಾಸ್ತರರಿಗೆ ನಲವತ್ತು ದಾಟಿತ್ತು. ಇದೊಂದು ಹೋತಂದ್ರ ಮುಂದ ಬಾಳೇವು ಪೂರ್ತಿ ಹುಡುಗರ ಹಾಜರಿ ಕೂಗೂದ ಉಳದದ್ದು ಅಂತ ಅವರಿಗೆ ಖಾತ್ರಿ ಇತ್ತು.

ಕಾಲೇಜಿನ್ಯಾಗ ಒಂದು ಖೋಲಿ ಕೊಡ್ರಿ ಅಂದ್ರ, ಕಬಡ್ಡಿ ಸಾಮಾನು ಇಡಾಕ ಜಾಗ ಇಲ್ಲ, ನಿಮ್ಮ ಹುಲ್ಲಿಗೆ ಎಲ್ಲಿಂದ ತರೂಣು ಅಂದ್ರು. ಕಬಡ್ಡಿಗೆ ಚಡ್ಡಿ ಬಿಟ್ಟು ಏನು ಸಾಮಾನು ಬೇಕಾಗತೈತಿ ಅಂತ ಮಾಸ್ತರರು ಕೇಳಿದ್ರು. ಖೋಲಿ ಸಿಗಲಿಲ್ಲ. ಹಿಂಗಾಗಿ ದೇವಕ್ಕನ ಹಿಂದಿನ ಖೋಲಿನ ಪ್ರಯೋಗಶಾಲಿ ಆತು.

ಕೆಲಸನೋ, ಅಗದಿ ತಲಿಶೂಲಿ ಕೆಲಸ. ಭತ್ತದ ಕಾಳಿನ ಸಿಪ್ಪಿ ಸುಲದು, ಔಷಧದ ನೀರಿನ್ಯಾಗ ತೊಳದು, ಸಕ್ಕರಿ ಉಪ್ಪು ಕೂಡಿಸಿ ಗಟ್ಟಿ ಮಾಡಿದ ಲೋಳಿ ಮ್ಯಾಲ ಬಾಟ್ಲಿಯೊಳಗ ಇಡಬೇಕು. ವಾರ ಕಳದಂಗ ಕಾಳಿನ ಮೂತಿಯಿಂದ ಸಜ್ಜಕದ ಹಂಗ ಒಂದು ಬಿಳೆ ಮುದ್ದಿ ಏಳತೈತಿ. ಅದಕ್ಕ ಬೇರಿಲ್ಲ, ಎಲಿ ಇಲ್ಲ, ಬರೇ ಜೀವ. ಆ ಮುದ್ದಿ ಒಡದು ಒಡದು ಬ್ಯಾರೆ ಬ್ಯಾರೆ ಬಾಟ್ಲಿಗೆ ಹಾಕಿ, ಕೆರಿ ದಂಡಿ ಥಂಡಿಗಿಂತ ಜೋರಿನ ಫ್ರಿಜ್ಜಿನ ಥಂಡ್ಯಾಗ ವಾರಗಟ್ಟಲೆ ಇಟ್ರ, ಸಾಯೂವು ಕಂದಾಗಿ ಸಾಯತಾವ, ಉಳಿಯೂವು ಉಳಿತಾವ. ಉಳದದ್ದನ್ನ ಟ್ಯೂಬ್‌ಲೈಟಿನ ಬೆಳಕಿಗೆ ತಂದು ಕಾದ್ರ ಒಂದಿಲ್ಲೊಂದು ದಿವಸ ಹಸರು ಮೊಳಕಿ ಒಡದು ಸಸಿ ಆಗತೈತಿ. ಜೋಡಿಗೆ ಥಂಡಿ ತೋರಿಸದನ ಬೆಳೆಸಿದ ಕೆಲವು ಬಾಟ್ಲಿ ಹೋಲಿಸಿ ನೋಡಾಕ ಬೇಕು. ಯಾವುದು ಥಂಡ್ಯಾಗಿಂದು, ಯಾವುದು ಅಲ್ಲ ಅಂತ ಪ್ರತಿ ಬಾಟ್ಲಿಗೂ ನಂಬರಿನ ಚೀಟಿ. ಚೀಟಿ ಇಲ್ಲಂದ್ರ ಎಲ್ಲಾ ಹುಲ್ಲೂ ಒಂದ ಹುಲ್ಲು.

ಫ್ರಿಜ್ಜು ಹುಬ್ಬಳ್ಳಿ ಗುಜರ್ಯಾಗ ತಂದದ್ದು. ಅದು ನಡಿಯೂದು ತನ್ನ ಮನಸಿಗೆ ಬಂದಾಗ, ಕರೆಂಟು ಬರೂದು ಕರೆಂಟಿನ ಮನಸಿಗೆ ಬಂದಾಗ, ಇವೆರಡರ ಮನಸೂ ಕೂಡಿ ಬಂದ ದಿವಸ ಮಾಸ್ತರರಿಗೆ ಹಬ್ಬ. ಉಳದ ದಿವಸ ಐಸ್‌ಕ್ಯಾಂಡಿ ಮಹಬೂಬಸಾಬನ ಅಂಗಡಿಗೆ ಓಡಿ ಬರ್ಫದ ಗಡ್ಡಿ ತಂದು ಒಳಗ ತುರಕತಿದ್ರು. ಹುಲ್ಲಿಗೆ ನೆಗಡಿ ಬಂತೋ ಇಲ್ಲೋ ಅಂತ ಆತ ದಿನಾ ಕೇಳಾಂವ. ಮಾಸ್ತರರು ದಿನಾ ಬೈಯೂರು. ಬೈದ್ರೂ ಬರ್ಫ ಕೊಡೂದು ಆತ ಬಿಡಲಿಲ್ಲ.

ಎಲ್ಲಾಕ್ಕಿಂತ ದೊಡ್ಡ ವೈರಿ ಅಂದ್ರ ಬೂಷ್ಟು. ಕಣ್ಣಿಗೆ ಕಾಣದ ಒಂದು ಕಣ ಒಳಗ ಹೊಕ್ಕರ ಸಾಕು, ಮರುದಿವಸ ಬಾಟ್ಲಿ ತುಂಬ ಕರೆ ಜವಳ. ಅದಕ್ಕ ಮಾಸ್ತರರು ಝಳಕ ಮಾಡಿ, ತೊಳದ ಧೋತರ ಉಟ್ಟು, ಬಾಯಿಗೆ ಅರಿವಿ ಕಟ್ಟಿ, ಬರಿಗಾಲಲೆ ಖೋಲಿ ಹೊಕ್ಕು, ಬಾಗಲಾ ಹಾಕ್ಕೊಂಡು, ಸ್ಪಿರಿಟ್ ದೀಪ ಹಚ್ಚಿ ಕೆಲಸಕ್ಕ ಕೂಡೂರು. ಕುಕ್ಕರಿನ್ಯಾಗ ಬಾಟ್ಲಿ ಕುದಸೂ ಸಿಳ್ಳೆ, ಸ್ಪಿರಿಟಿನ ವಾಸನಿ, ಮುಚ್ಚಿದ ಬಾಗಲಾ! ಮಾಸ್ತರರು ಭಟ್ಟಿ ಇಳಿಸಾಕ ಹತ್ಯಾರ ಅಂತ ಊರಾಗ ಸುದ್ದಿ ಹಬ್ಬಿತು. ಸುದ್ದಿ ಹಬ್ಬಿದ ಮ್ಯಾಲ ನೋಡಾಕ ಬರೂ ಮಂದಿ ಶುರು. ಒಬ್ಬಾಂವ ಸುಣ್ಣ ಕೇಳಾಕ ಬಂದು ಬಾಗಲಾ ನೂಕಾಂವ, ಒಬ್ಬಾಂವ ಮಗನ ಮಾರ್ಕ್ಸ್ ಕೇಳಾಕ ಬಂದು ಇಣುಕಾಂವ. ಬಾಗಲಾ ತಗದಷ್ಟು ಸಲ ಧೂಳು, ಧೂಳು ಬಂದಷ್ಟು ಸಲ ಬೂಷ್ಟು. ಮಾಸ್ತರರು ತಿಳಿಸಿ ಹೇಳಿ ಹೇಳಿ, ಬೈದು ಬೈದು ಗಂಟಲಾ ಹರಕೊಂಡ್ರು. ಎಲ್ಲಾ ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆತು.

ದೇವಕ್ಕ ಮಾತ್ರ ಇಣುಕಿ ನೋಡೂ ಪೈಕಿ ಅಲ್ಲ. ಕುರಿ ಕಾಯೂ ಮನತಾನದ ಹೆಣಮಗಳು, ಅರವತ್ತರ ಹತ್ತರ ವಯಸ್ಸು. ಗಂಡ ಕರಿಸಿದ್ದಪ್ಪ ಹೋಗಿ ಭಾಳ ವರ್ಷ ಆಗಿತ್ತು. ಒಂದು ಮಾತಿಗೆ ಒಂದ ಮಾತು, ಬಾಡಿಗ್ಯಾಗ ಹತ್ತಿಪ್ಪತ್ತು ಕಡಿಮಿ ಆದ್ರೂ ಕೇಳತಿದ್ದಿಲ್ಲ. ಆದ್ರ ಶ್ರಾವಣದ ಒಂದು ಮುಂಜಾನೆ, ಪಾಪ ಗಂಡಸಮನಶಾ, ಖೋಲಿ ಎಷ್ಟು ಹೊಲಸಾಗೇತೋ ಏನೋ ಅಂತ ಕರುಣಾ ಬಂದು, ಮಾಸ್ತರರು ಕಾಲೇಜಿಗೆ ಹೋದಾಗ ಒಳಗ ಹೋಗಿ ಕಸಾ ಹೊಡದು ಸಗಣಿ ಸಾರಿಸಿ ಬಿಟ್ಲು. ಸಾರಿಸಿದ ಮರುದಿವಸ ಅರ್ಧಾ ಬಾಟ್ಲಿ ಕರ್ರಗ.

ಮಾಸ್ತರರು ಹಣಿ ಹಣಿ ಬಡ್ಕೊಂಡು ಅಂಗಳಕ್ಕ ಬಂದ್ರು. ತಿಳಿಸಿ ಹೇಳಬೇಕಂತ ಬಾಯಿನೂ ತಗದ್ರು. ಆಕಿ ಸೆರಗಿಗೆ ಕೈ ಒರಸಿಕೋತ ನಿಂತದ್ದು ನೋಡಿ ಅವರ ಹುರುಪು ಇಳದುಹೋತು. ಕಣ, ಬೂಷ್ಟು, ಕಾಡುಭತ್ತ... ಎಲ್ಲಿಂದ ಶುರು ಮಾಡೂದು? ಕ್ವಾಣನ ಮುಂದ ಕಿನ್ನರಿ ಬಾರಿಸಿದಂಗ ಅಂತ ಮನಸಿನ್ಯಾಗ ಅಂದ್ಕೊಂಡ್ರು. ಮತ್ತ ಒಂದು ಸುಳ್ಳು ತಾನ ನಾಲಿಗಿಗೆ ಬಂತು.

"ದೇವಕ್ಕ, ಅದೊಂದು ವ್ರತ. ನಾ ಬಿಟ್ಟು ಯಾರೂ ಒಳಗ ಕಾಲಿಡಬಾರದು," ಅಂದ್ರು.

ದೇವಕ್ಕನ ಮಾರಿನ ಬದಲಾತು. ಅಲ್ಲೇ ಎರಡು ಹೆಜ್ಜಿ ಹಿಂದ ಸರದು ಖೋಲಿ ಕಡೆ ಕೈಮುಗದ್ಲು. ತಪ್ಪಾತ್ರೀ ಅಂದ್ಲು. ಅಂದಿನಿಂದ ಆ ಖೋಲಿಗೆ ಆಕಿನ ಕಾವಲು. ಸುಣ್ಣದಾಂವ ಬರಲಿ, ಮಾರ್ಕ್ಸಿನಾಂವ ಬರಲಿ, ಕಟ್ಟಿಮ್ಯಾಲ ಕುಂತ ಅಲ್ಲಿಂದನ ಓಡಿಸತಿದ್ಲು. ಹೊಸ್ತಲಕ್ಕ ದಿನಾ ಒಂದು ಹೂವು ಬ್ಯಾರೆ. ಭಟ್ಟಿ ಸುದ್ದಿ ನಿಂತು ಮಾಸ್ತರರ ಭಕ್ತಿ ಸುದ್ದಿ ಶುರು ಆತು. ಬೂಷ್ಟು ನಿಂತ್ವು, ಸಸಿ ಬಂದ್ವು. ಶಂಭುಲಿಂಗಪ್ಪ ಮಾಸ್ತರರಿಗೆ ತಮ್ಮ ಶ್ಯಾಣೇತನದ ಮ್ಯಾಲ ತಮಗ ಪ್ರೀತಿ ಬಂತು. ಸುಳ್ಳಿಗೆ ಕಾಲಿಲ್ಲ ಅಂತಾರ. ಈ ಸುಳ್ಳಿಗೆ ಕಾಲೂ ಬಂದ್ವು, ಕೈನೂ ಬಂದ್ವು, ಅದು ಅವರಿಗೆ ಆಮ್ಯಾಲ ಗೊತ್ತಾತು.

ನವರಾತ್ರಿ ಬರೂದ್ರಾಗ ಖೋಲಿ ಹಸರೋ ಹಸರು. ಥಂಡ್ಯಾಗ ಉಳದ ಮುದ್ದಿಗಳಿಂದ ಬಂದ ಸಸಿ ಸಣ್ಣವು, ಬಡಕಲು, ಆದ್ರ ಗಟ್ಟಿ. ಥಂಡಿ ಕಾಣದ ಬಾಟ್ಲಿಯವು ಸೊಂಪಾಗಿ ಎದ್ದಿದ್ವು. ಹೊರಗ ತಗದು ಮಣ್ಣಿಗೆ ಹಚ್ಚಬೇಕು, ಆದ್ರ ಮಾಸ್ತರರಿಗೆ ಎದಿ ಸಾಲದು. ಹೋದ ವರ್ಷ ಬಾಟ್ಲಿಂದ ತಗದು ಹಚ್ಚಿದವು ಹೊರಗಿನ ಗಾಳಿ ತಾಳದ ಮೂರು ದಿವಸದಾಗ ಒಣಗಿದ್ವು. ಹಬ್ಬ ಮುಗಿಸಿ ಬಂದ ಮ್ಯಾಲ ನೋಡೂಣು ಅಂತ ಮುಂದ ಹಾಕಿದ್ರು. ಆಯುಧಕ್ಕ ಪೂಜಿ ಮಾಡೂ ಖಂಡೇಪೂಜಿ ಹಿಂದಿನ ದಿವಸ ಖೋಲಿ ಕೀಲಿ ಹಾಕಿ, ಬೆಂಕಿ ಗಿಂಕಿ ಬಿದ್ರ ಇರಲಿ ಅಂತ ಒಂದು ಕೀಲಿಕೈ ದೇವಕ್ಕನ ಕೈಯಾಗ ಕೊಟ್ಟು, ದಸಮಿ ದಿವಸ ಮುಂಜಾನೆ ಬಂದಬಿಡತೀನಿ ಅಂತ ಹೇಳಿ ಅಣ್ಣಿಗೇರಿ ಹಾದಿ ಹಿಡದ್ರು.

ಈಗ ಘಟ್ಟದ ಮಾತು ಹೇಳಬೇಕು. ನಮ್ಮ ಕಡೆ ನವರಾತ್ರಿಗೆ ಭಾಳ ಮನ್ಯಾಗ ಘಟ್ಟ ಹಾಕತಾರ. ದೇವರ ಮುಂದ ಮಣ್ಣು ಹರವಿ, ಜ್ವಾಳ ಗೋದಿ ಬಿತ್ತಿ, ಹಣತಿ ಹಚ್ಚಿ, ಬಾಗಲಾ ಮುಂದ ಮಾಡಿ, ಮಡೀಲೆ ನೀರು ಚಿಮಕಿಸಿ ಸಸಿ ಎಬ್ಬಸತಾರ. ಬೆಳಕು ಕಾಣದ ಆ ಸಸಿ ಹಳದಿ ಇರತಾವ. ದಸಮಿ ದಿವಸ ಘಟ್ಟ ಎತ್ತಿ, ಬನ್ನಿ ಕೂಡ ಆ ಸಸಿನೂ ಹಂಚತಾರ. ಗಂಡಸರು ತಲಿ ಪಟಗಾದಾಗ ಸಿಗಸತಾರ, ಹೆಣಮಕ್ಕಳು ಮುಡೀತಾರ. ಹಾಕಿದ ಘಟ್ಟ ದಸಮಿ ಹೊತ್ತು ಮುಳಗೂದ್ರಾಗ ಎತ್ತಲಿಲ್ಲ ಅಂದ್ರ ಹಾಕಿದಾಂವಗ ಒಳ್ಳೇದಲ್ಲ.

ದಸಮಿ ದಿವಸ ಮುಂಜಾನೆ ಬರೂ ಮಾಸ್ತರರು ಬರಲಿಲ್ಲ. ಹೆಂಗ ಬಂದಾರು? ಹಾರ ಹಾಕಿ, ನಾಕೂ ಗಾಲಿ ಕೆಳಗ ನಿಂಬಿಹಣ್ಣಿಟ್ಟು ಪೂಜಿ ಮಾಡಿಸಿಕೊಂಡ ಬಸ್ಸು ಹುಬ್ಬಳ್ಳಿ ಮುಟ್ಟೂಕಿಂತ ಮೊದಲ ಹಾದ್ಯಾಗ ಕುಂತುಬಿಟ್ಟಿತು. ಮಾಸ್ತರರು ಡ್ರೈವರಗೂ ಬೈದ್ರು, ಬಸ್ಸಿಗೂ ಬೈದ್ರು, ನಿಂಬಿಹಣ್ಣಿಗೂ ಬೈದ್ರು. ಸಂಶಿ ಬಸ್‌ಸ್ಟ್ಯಾಂಡಿನ್ಯಾಗ ಇಳದಾಗ ಹೊತ್ತು ಮುಳಗಿ ದೀಪ ಹಚ್ಚೂ ವ್ಯಾಳ್ಯಾ.

ಮೊದಲ ಸಿಕ್ಕಾಂವ ಮಹಬೂಬಸಾಬ. ಬನ್ನಿ ಕೊಟ್ಟು, ಬಂಗಾರದಂಗ ಇರೂಣ್ರೀ ಅಂದು ಅಪ್ಪಿಕೊಂಡ. ಅವನ ಕಿವಿಮ್ಯಾಲ ಒಂದು ಸಸಿ. ಮಾಸ್ತರರು ಲಕ್ಷ್ಯ ಕೊಡಲಿಲ್ಲ. ಮುಂದ ಹುಲಿಗೆಪ್ಪ, ದೇವಕ್ಕನ ಓಣಿಯಾಂವ, ಪಟಗಾದಾಗ ಸಸಿ ಸಿಗಸಿಕೊಂಡು ಬಂದು ಕೈಮುಗದ. ಅವನ ಹಿಂದ ಇನ್ನಿಬ್ಬರು, ಅವರ ತಲಿಮ್ಯಾಲೂ ಸಸಿ. ಮಾಸ್ತರರು ನಾಕು ಹೆಜ್ಜಿ ಮುಂದ ಹೋಗಿ ನಿಂತ್ರು. ಘಟ್ಟದ ಸಸಿ ಹಳದಿ ಇರಬೇಕಲ್ಲ. ಇವು ಯಾಕ ಹಸರು?

ಹೊಳ್ಳಿ ಬಂದು ಹುಲಿಗೆಪ್ಪನ ಪಟಗಾ ಹಿಡದು ದೀಪದ ಕಂಬದ ಕೆಳಗ ಎಳದು ನೋಡಿದ್ರು. ಸಣ್ಣ ಎಲಿ, ಗಟ್ಟಿ ಹಸರು, ಬೇರಿನ ತುದಿಗೆ ಇನ್ನೂ ಹೊಳಿಯೂ ಲೋಳಿ. ಹುಲಿಗೆಪ್ಪ ಭಕ್ತಿಲೆ ನಿಂತಿದ್ದ. ನಿಮ್ಮ ಘಟ್ಟದ್ದ ಅಲ್ರೀ ಮಾಸ್ತರ್ರ, ಭಾಳ ಛಲೋ ಎದ್ದಾವ ಅಂತ ಹೇಳಿದ. ಮಾಸ್ತರರ ಕೈಯಾಗಿನ ಚೀಲ ಕೆಳಗ ಬಿತ್ತು. ಆರಿಸಿಕೊಳ್ಳಾಕನೂ ನಿಲ್ಲದ ಮನಿ ಕಡೆ ಓಡಿದ್ರು.

ದೇವಕ್ಕನ ಕಟ್ಟಿಮ್ಯಾಲ ಬಾಟ್ಲಿಗಳೆಲ್ಲಾ ತೊಳದು ಸಾಲಿಲೆ ಬೋರಲು ಹಾಕಿದ್ವು. ಥಳಥಳ ಅನ್ನತಿದ್ವು. ಒಂದಕ್ಕೂ ಚೀಟಿ ಇರಲಿಲ್ಲ.

ದೇವಕ್ಕ ಮುಂಜಾನಿಂದ ಉಪವಾಸ ಇದ್ಲು. ಮಾಸ್ತರರನ್ನ ನೋಡಿದಾಕಿನ, ಬಂದ್ರಿ ಬಿಡ್ರಿ, ಜೀವಕ್ಕ ಸಮಾಧಾನ ಆತು ಅಂತ ಕಣ್ಣಾಗ ನೀರು ತಂದ್ಲು. ಮಡಿ, ಮುಚ್ಚಿದ ಖೋಲಿ, ಒಳಗ ಸಸಿ, ಮ್ಯಾಲ ನವರಾತ್ರಿ, ಮಾಸ್ತರರ ವ್ರತ ಅಂದ್ರ ಘಟ್ಟನ ಅಂತ ಆಕಿ ತಿಳಕೊಂಡಿದ್ಲು. ಹೊತ್ತು ಇಳಿಯೂತನಕ ಹಾದಿ ನೋಡಿದ್ಲಂತ. ಬಸ್ ಬರಲಿಲ್ಲಂತ. ಘಟ್ಟ ಎತ್ತದನ ಹೊತ್ತು ಮುಳಗಿದ್ರ ಮಾಸ್ತರರಿಗೆ ಏನರ ಆದೀತು ಅಂತ ಎದಿ ಒಡಕೊಂಡು, ತಣ್ಣೀರು ಮೈಮ್ಯಾಲ ಸುರುವಿಕೊಂಡು, ಬಾಜುಮನಿ ಮುತ್ತೈದಿ ಮೈಲಾರವ್ವನ ಕೈಲೆ ಮೊದಲನೇ ಸಸಿ ಎತ್ತಿಸಿ, ಉಳದದ್ದು ತಾನ ಎತ್ತಿದ್ಲಂತ. ಲೋಳಿ ಯಾಕ ಹಾಕಿದ್ರೀ, ತೊಳಿಯೂದ್ರಾಗ ಕೈಸೋತು ಅಂತನೂ ಹೇಳಿದ್ಲು.

ಮಾಸ್ತರರು ಕಂಬಕ್ಕ ತಲಿ ಆನಿಸಿ ಕುಂತ್ರು. ಆಗ ದೇವಕ್ಕ ಒಳಗ ಹೋಗಿ ದೇವರ ಜಗಲಿಮ್ಯಾಗಿಂದ ಒಂದು ಬಾಟ್ಲಿ ತಂದು ಮುಂದ ಇಟ್ಲು. ಮುಚ್ಚಿದ ಹತ್ತಿ ಮುಚ್ಚಿದಂಗನ ಇತ್ತು, ಚೀಟಿನೂ ಇತ್ತು. ಘಟ್ಟ ಹಾಕಿದಾಂವನ ಪಾಲು ಹಾಕಿದಾಂವನ ಕೈಲೆನ ಎತ್ತಬೇಕಲ್ಲ, ಅದಕ್ಕ ಎಲ್ಲಾಕ್ಕಿಂತ ಛಂದಾಗಿ ಬೆಳದದ್ದು ಆರಿಸಿ ಇಟ್ಟಿದ್ಲು. ಮಾಸ್ತರರು ಆಸೆಲೆ ಕೈ ಚಾಚಿ ಚೀಟಿ ಓದಿದ್ರು. ಥಂಡಿ ತೋರಿಸದನ ಬೆಳೆಸಿದ ಬಾಟ್ಲಿ. ಬೇಕಾದ ಬಡಕಲು ಸಸಿ ಎಲ್ಲಾ ಊರ ಮಂದಿ ತಲಿಮ್ಯಾಲ, ಬ್ಯಾಡಾದ ಸೊಂಪ ಸಸಿ ಮಾತ್ರ ಕೈಯಾಗ.

ಆಗ ಅವರ ಸಿಟ್ಟಿನ ಕಟ್ಟಿ ಒಡೀತು. ಎದ್ದು ನಿಂತು ಅಂಗಳದಾಗ ಶತಪಥ ಹಾಕಿಕೋತ ಒದರಾಕ ಶುರು ಮಾಡಿದ್ರು. ಕಲಘಟಗಿ ಕಡೆ ಸಸಿ ಥಂಡಿಗೆ ಹಳದಿ ಆಗಿ ಸಾಯತಾವ, ಕೆರಿ ದಂಡಿ ಕಾಡುಭತ್ತ ಸಾಯೂದಿಲ್ಲ, ಯಾಕ ಸಾಯೂದಿಲ್ಲ ಅಂತ ನೋಡಾಕ ಅದರ ಕಣ ತಗದು ಬೆಳೆಸಿದ್ದೆ, ಥಂಡ್ಯಾಗ ಇಟ್ಟು ಉಳದದ್ದು ಆರಿಸಿದ್ದೆ, ಸಂಕ್ರಮಣದೊಳಗ ಧಾರವಾಡಕ್ಕ ಒಯ್ಯಲಿಲ್ಲ ಅಂದ್ರ ನನ್ನ ಇಷ್ಟು ವರ್ಷದ ಕೆಲಸಾ ಮಣ್ಣುಪಾಲು, ಯಾವ ವ್ರತಾನೂ ಇಲ್ಲ, ಯಾವ ಘಟ್ಟಾನೂ ಇಲ್ಲ! ಒಂದ ಉಸಿರಿನ್ಯಾಗ ಎಲ್ಲಾ ಹೇಳಿ ಮುಗಿಸಿ ದಮ್ಮು ಹತ್ತಿ ನಿಂತ್ರು. ಹೇಳಿ ಮುಗಿಯಾಕ ಒಂದು ಎಲಿ ಅಡಿಕಿ ಹಾಕ್ಕೊಳ್ಳೂವಷ್ಟೂ ಹೊತ್ತು ಹಿಡೀಲಿಲ್ಲ.

ದೇವಕ್ಕ ಎಲ್ಲಾ ಕೇಳಿದ್ಲು.

"ನಮ್ಮ ಯಜಮಾನರು ತೀರಿಕೊಂಡ ವರ್ಷ ಘಟ್ಟ ಎತ್ತಿರಲಿಲ್ರೀ. ಕುರಿ ಹಿಂದ ದೂರ ಹೋಗಿದ್ವಿ, ತಡಾ ಆತು. ಅದಕ್ಕ ಅಂಜಿದೆ," ಅಂದ್ಲು. ಆಮ್ಯಾಲ ಮಾಸ್ತರರ ಮಾರಿ ನೋಡಿ ಕೇಳಿದ್ಲು, "ಥಂಡಿಗೆ ಸಾಯದ ಭತ್ತ. ಇಷ್ಟ ಹೌದಲ್ರೀ? ಇದನ್ನ ಅವತ್ತ ಹೇಳಿದ್ರ ನಾ ಯಾಕ ಮುಟ್ಟತಿದ್ದೆ?"

ಮಾಸ್ತರರಿಗೆ ಸಿಟ್ಟು ಇತ್ತು, ಆದ್ರ ಅದನ್ನ ಯಾರ ಮ್ಯಾಲ ಇಡಬೇಕು ಅನ್ನೂದು ತಿಳೀಲಿಲ್ಲ. ಚಸ್ಮಾ ತಗದು ಒರಸಿಕೊಂಡ್ರು. ಜನಮದಾಗ ಮೊದಲನೇ ಸಲ ಅವರಿಗೆ ತಮ್ಮ ಮ್ಯಾಲ ತಮಗ ಸಿಟ್ಟು ಬಂತು, ಅದೇನೂ ಛಲೋ ಅನಸಲಿಲ್ಲ.

ದೇವಕ್ಕ ಸೆರಗು ಬಿಗದು ಎದ್ಲು. ಹೋಗೂಣು ನಡೀರಿ, ತಿರುಗಿ ತರೂಣು ಅಂದ್ಲು. ಆದ್ರ ಅದರಾಗೂ ಒಂದು ತೊಡಕು. ದಸಮಿ ದಿವಸ ಕೊಟ್ಟ ಸಸಿ ಹೊಳ್ಳಿ ಇಸ್ಕೋಬಾರದು, ಇಸ್ಕೊಂಡ್ರ ಕೊಟ್ಟಾಂವನ ಮನಿ ಸಿರಿನೂ ಹೋಗತೈತಿ, ಕೊಂಡಾಂವನ ಮನಿದೂ ಹೋಗತೈತಿ. ಹುಲಿಗೆಪ್ಪ ಪಟಗಾಕ್ಕ ಕೈ ಅಡ್ಡ ಹಿಡದು ಕೊಡೂದಿಲ್ಲ ಅಂತ ನಿಂತ. ಮಾಸ್ತರರು ಕಾಲೇಜಿನ ಹುಡುಗರಿಗೆ ಹೇಳೂವಂಗ ಹೇಳಿದ್ರು, ಬೈದ್ರು, ಕೈಮುಗದ್ರು. ಆತ ಜಗ್ಗಲಿಲ್ಲ. ಕಡೀಕ ದೇವಕ್ಕ ತನ್ನ ಮನಿ ಘಟ್ಟದ ಹಳದಿ ಜ್ವಾಳದ ಸಸಿ ಬುಟ್ಟ್ಯಾಗ ಹಾಕ್ಕೊಂಡು ತಂದ್ಲು. ಇಸ್ಕೋಬಾರದು ಖರೆ, ಬದಲಿ ಕೊಟ್ರ ದೋಷ ಇಲ್ಲ ಅಂದ್ಲು. ಒಂದು ಜ್ವಾಳದ ಸಸಿ ಕೊಟ್ಟು ಒಂದು ಭತ್ತದ ಸಸಿ. ಹಿಂಗ ಓಣಿ ಓಣಿ ತಿರುಗಿದ್ರು. ಪಟಗಾದಾಗಿನವು ಬಾಡಿದ್ವು, ಮುಡ್ಯಾಗಿನವು ಜಜ್ಜಿದ್ವು, ಮೀರಾಸಾಬನ ಮನ್ಯಾಗಿಂದು ಆಡು ತಿಂದಿತ್ತು. ಜಗಲಿಮ್ಯಾಲ ನೀರಿನ ತಂಬಿಗ್ಯಾಗ ಇಟ್ಟವು ಮಾತ್ರ ತಲಿ ಎತ್ತಿಕೊಂಡಿದ್ವು. ಸಿಕ್ಕಷ್ಟು ತಂದು ದೇವಕ್ಕನ ಹಳೇ ಮಣ್ಣಿನ ಬಾನಿಯೊಳಗ ಕೆಸರು ಮಾಡಿ ಹಚ್ಚಿದ್ರು. ಸೊಂಪ ಬಾಟ್ಲಿದನ್ನೂ ಹೊರಗ ತಗದು, ಒಂದು ಬದಿಗೆ ಗುರ್ತಿನ ಕಡ್ಡಿ ನೆಟ್ಟು ಹಚ್ಚಿದ್ರು.

ಭಾಳಷ್ಟು ಸತ್ವು. ಆದ್ರ ಉಳದವೂ ಇದ್ವು. ದೀಪಾವಳಿ ಹೊತ್ತಿಗೆ ಬಾನ್ಯಾಗ ಒಂದು ಬೊಗಸಿ ಹಸರು ನಿಂತಿತ್ತು. ನಿಂತ್ರ ಏನು ಬಂತು? ಇದರಾಗ ಥಂಡಿ ತಡದದ್ದು ಯಾವುದು, ಥಂಡಿ ಕಾಣದ್ದು ಯಾವುದು, ಆ ಬ್ರಹ್ಮಗೂ ಗೊತ್ತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಾಸ್ತರರು ಒಂದು ಸಂಜಿ ಚೀಟಿ ಕತ್ತರಿಸಿ, ದಾರ ಕಟ್ಟಿ, ತಿಳದಂಗ ನಂಬರ ಬರದು ಸಸಿಗೆ ಕಟ್ಟಾಕ ಕುಂತ್ರು. ಗೈಡ್ ಸಾಹೇಬರಿಗೆ ಏನು ಗೊತ್ತಾಗತೈತಿ? ನಾಕು ಕಟ್ಟಿದ್ರು. ಐದನೇದಕ್ಕ ಕೈ ನಿಂತಿತು. ಈ ಖೋಲಿ ಮುಂದ ಹೇಳಿದ ಒಂದು ಸುಳ್ಳಿನ ಫಲ ಎದುರಿಗೆ ಬಾನ್ಯಾಗ ಕುಂತಿತ್ತು. ಥೂ ಇದರವ್ವನ ಅಂದು ನಾಕೂ ಚೀಟಿ ಹರದು ಒಲಿಗೆ ಒಗದ್ರು.

ಉಳದದ್ದು ಒಂದ ಹಾದಿ. ಬಾನಿ ಪೂರ್ತಿ ಥಂಡಿಗೆ ಹಾಕೂದು. ತಡದದ್ದು ತಾನ ಹೇಳತೈತಿ. ಎಲ್ಲಾ ಸತ್ರ ಆಟಾ ಮುಗೀತು. ಆ ಬಾನಿ ಹಿಡಸೂವಷ್ಟು ಥಂಡಿ ಜಾಗ ಊರಾಗ ಇದ್ದದ್ದು ಮಹಬೂಬಸಾಬನ ಐಸ್‌ಕ್ಯಾಂಡಿ ಪೆಟಗಿ. ಥಂಡಿ ದಿವಸದಾಗ ಐಸ್‌ಕ್ಯಾಂಡಿ ಯಾರು ತಿಂತಾರ? ಪೆಟಗಿ ಖಾಲಿ ಇತ್ತು. ಆತ ಆ ಸಲ ನೆಗಡಿ ಚಾಷ್ಟಿ ಮಾಡಲಿಲ್ಲ. ಬಾನಿಗೆ ತಾನ ಕೈ ಹಚ್ಚಿ ಒಳಗ ಇಳಿಸಿ, ಸುತ್ತ ಬರ್ಫದ ಗಡ್ಡಿ ಇಟ್ಟು ಮುಚ್ಚಳ ಹಾಕಿದ.

ಆ ನಾಕೈದು ದಿವಸ ಮಾಸ್ತರರು ಕಾಲೇಜಿನ್ಯಾಗ ಯಾರಿಗೂ ಬೈಲಿಲ್ಲ. ಹುಡುಗರು ಅಂಜಿದ್ರು.

ಮುಚ್ಚಳ ತಗದ ದಿವಸ ದೇವಕ್ಕನೂ ಬಂದಿದ್ಲು. ಬಾನಿ ಬಿಸಲಿಗೆ ತಂದು ಇಟ್ರು. ಮೊದಲು ಎಲ್ಲಾನೂ ಬಿದ್ದಂಗ ಕಂಡ್ವು. ಮರುದಿವಸ, ಅದರ ಮರುದಿವಸ ನೋಡಿದ್ರ ಅರ್ಧಕ್ಕರ್ಧ ಹಳದಿ ಆಗಿ ಕೆಸರಿಗೆ ಒರಗಿದ್ವು. ಉಳದವು ಎದ್ದು ನಿಂತಿದ್ವು, ಹೊಸಾ ಸುಳಿ ಬಿಟ್ಟಿದ್ವು. ಗುರ್ತಿನ ಕಡ್ಡಿ ಬುಡಕ ಆ ಸೊಂಪ ಸಸಿ ಪೂರ್ತಿ ಸತ್ತಿತ್ತು. ಶಂಭುಲಿಂಗಪ್ಪ ಮಾಸ್ತರರು ಕುಣಿಯೂದೊಂದು ಬಾಕಿ. ಸತ್ತೈತಿ, ಸತ್ತೈತಿ ಅಂತ ಖುಷಿಲೆ ಒದರಿದ್ರು. ತಿರುಗಿ ನೋಡಿದ್ರ ದೇವಕ್ಕ ಸೆರಗಿನಿಂದ ಕಣ್ಣು ಒರಸಿಕೊಳ್ಳತಿದ್ಲು. ನಿಮ್ಮ ಪಾಲಿಂದ ಅಂತ ಆರಿಸಿ ಇಟ್ಟದ್ದು, ಅದ ಹೋತಲ್ರೀ ಅಂದ್ಲು. ಮಾಸ್ತರರು ಅಲ್ಲೇ ಬಾನಿ ಬಾಜು ಕುಂತು, ಥಂಡಿ ಕಾಣದ ಅದು ಸತ್ತದ್ದಕ್ಕನ ಉಳದವು ಥಂಡಿ ತಡದವು ಅಂತ ಖಾತ್ರಿ ಆತು, ಸತ್ತದ್ದ ಛಲೋ ಆತು ಅಂತ ಸಾವಕಾಶ ತಿಳಿಸಿ ಹೇಳಿದ್ರು. ಆಕಿ ಎರಡು ಪ್ರಶ್ನಿ ಕೇಳಿದ್ಲು. ಎರಡಕ್ಕೂ ಬೈಯದನ ಉತ್ತರಾ ಕೊಟ್ರು.

ಸಂಕ್ರಮಣಕ್ಕ ಮೊದಲ ಬಾನಿ ಬಸ್ ಮ್ಯಾಲೇರಿ ಧಾರವಾಡ ಮುಟ್ಟಿತು. ಮಾಸ್ತರರು ಘಟ್ಟದ ಸುದ್ದಿ ಏನೂ ಮುಚ್ಚಿಡದ ಹೇಳಿದ್ರು. ಗೈಡ್ ಸಾಹೇಬರು ನಕ್ಕು ನಕ್ಕು ಕೆಮ್ಮಿದ್ರು. ಆಮ್ಯಾಲ ಮಾರಿ ಗಂಭೀರ ಮಾಡಿ, ಸಸಿ ಛಲೋ ಅದಾವ, ಆದ್ರ ಹೋಲಿಕಿಗೆ ಒಂದ ಒಂದು ಸಸಿ ಸಾಲೂದಿಲ್ಲ, ನಂಬರ ಸಮೇತ ಎಲ್ಲಾ ಮತ್ತೊಮ್ಮೆ ಮೊದಲಿಂದ ಮಾಡ್ರಿ, ಒಂದು ವರ್ಷ ಮುದತ್ತು ಕೊಡಸತೀನಿ ಅಂದ್ರು. ಮಾಸ್ತರರಿಗೆ ಅಳಬೇಕೋ ನಗಬೇಕೋ ತಿಳೀಲಿಲ್ಲ. ನೋಂದಣಿ ಉಳೀತು. ಕೆಲಸಾನೂ ಪೂರ್ತಿ ಹಂಗ ಉಳೀತು.

ಮತ್ತ ಕಾಳು ಸುಲದ್ರು, ಬಾಟ್ಲಿ ಕುದಿಸಿದ್ರು, ಫ್ರಿಜ್ಜಿಗೆ ಬೈದ್ರು. ಮುಂದಿನ ನವರಾತ್ರಿ ಬರೂದ್ರಾಗ ಖೋಲಿ ಮತ್ತ ಹಸರಾತು. ಈ ಸಲ ಬಾಟ್ಲಿಗೆ ಚೀಟಿ ಅಂಟಿಸಿದ್ದಲ್ಲದ ಗಾಜಿನ ಮ್ಯಾಲ ಬಣ್ಣದಲೆ ನಂಬರ ಬರದಿದ್ರು. ಘಟ್ಟ ಹಾಕೂ ದಿವಸ ಮುಂಜಾನೆ ಮಾಸ್ತರರು ದೇವಕ್ಕನ್ನ ಕರದು, ಝಳಕ ಮಾಡಿಸಿ, ಬಾಯಿಗೆ ಅರಿವಿ ಕಟ್ಟಿಸಿ, ಖೋಲಿ ಒಳಗ ಕರಕೊಂಡು ಹೋಗಿ ಒಂದೊಂದು ಬಾಟ್ಲಿನೂ ತೋರಿಸಿದ್ರು. ಇದು ಥಂಡ್ಯಾಗಿಂದು, ಇದು ಅಲ್ಲ. ಇದು ವ್ರತ ಅಲ್ಲ, ಘಟ್ಟ ಅಲ್ಲ, ದಸಮಿಗೆ ಎತ್ತೂದಲ್ಲ. ತಿಳೀತಿಲ್ಲೋ?

"ತಿಳೀತ್ರೀ," ಅಂದ್ಲು ದೇವಕ್ಕ. "ಆದ್ರ ಊರ ಮಂದಿಗೆ ಮಾತ್ರ ನಾ ವ್ರತ ಅಂತನ ಹೇಳೇನಿ. ಖರೆ ಹೇಳಿದ್ರ ನೋಡಾಕ ಬಂದು ಬಾಗಲಾ ತಗೀತಾರ, ಬೂಷ್ಟು ಹಿಡೀತಾವ."

ಮಾಸ್ತರರು ಬಾಯಿಗೆ ಕಟ್ಟಿದ ಅರಿವಿ ಕೆಳಗ ಜಗ್ಗಿದ್ರು. ಚಸ್ಮಾದ ಮ್ಯಾಗಿನ ಸಿಟ್ಟು ಒಂದು ಕ್ಷಣ ಎದ್ದು ನಿಂತಿತು. ಹಂಗಾದ್ರ ದಸಮಿ ದಿವಸ ಊರ ಮಂದಿ ಪೂರಾ ಸಸಿ ಕೇಳಾಕ ಬರತಾರಲ್ಲ ಅಂತ ಒದರಿದ್ರು.

ದೇವಕ್ಕ ಅವರ ರಟ್ಟಿ ಹಿಡದು ತನ್ನ ದೇವರಮನಿಗೆ ಕರಕೊಂಡು ಹೋದ್ಲು. ಪ್ರತಿ ವರ್ಷ ಒಂದು ತಾಟಿನಷ್ಟು ಮಣ್ಣು ಹರವೂ ಜಾಗಾದಾಗ, ಈ ಸಲ ಗ್ವಾಡಿಯಿಂದ ಗ್ವಾಡಿತನಕ ಮಣ್ಣು ಹರವಿದ್ಲು. ಎರಡು ಸೇರು ಜ್ವಾಳ ನೆನಿಟ್ಟಿದ್ಲು. ನಿಮ್ಮ ಹೆಸರಿಲೆ ಇದನ್ನ ಹಂಚೂಣ್ರೀ, ಬಿತ್ತಾಕ ಮಾತ್ರ ನೀವ ಕೂಡಬೇಕು ಅಂದ್ಲು. ಮಾಸ್ತರರು ಏನೋ ಬೈಬೇಕಂತ ಬಾಯಿ ತಗದ್ರು, ಹೊಳೀಲಿಲ್ಲ. ಧೋತರ ಮ್ಯಾಲ ಕಟ್ಟಿಕೊಂಡು, ಕೆಳಗ ಕುಂತು, ಜ್ವಾಳದ ಬೋಗೋಣಿಗೆ ಕೈ ಹಾಕಿದ್ರು.